ಎಬ್ಬಿಸಿದ ಮಣ್ಣು

ಇಸ್ತ್ರಿ ಅಂಗಡಿಯವರು ಬಟ್ಟೆಗೆ ನೀರು ಚಿಮುಕಿಸುವಂಥ ಬಾಟಲಿಯಿಂದ ಶೀನಣ್ಣ ಮರಳಿಗೆ ನೀರು ಹೊಡೆಯುತ್ತಿದ್ದರು. ಕೊಲ್ಲಿ ದೇಶದ ವಫ್ರಾದ ಬಿಸಿಲಿನಲ್ಲಿ, ಗೇಣು ಆಳದ ಉದ್ದನೆಯ ಗುಂಡಿಯೊಳಗೆ ಕುಕ್ಕರಗಾಲಲ್ಲಿ ಕೂತು, ಕರಣೆಯಿಂದ ನೆಲವನ್ನು ದೋಸೆ ಕಾವಲಿಯಷ್ಟು ನುಣ್ಣಗೆ ಕೆರೆದು, ನೀರು ಹೊಡೆದು, ಅದು ಆರುವ ಮೊದಲು ಬಗ್ಗಿ ನೋಡುವರು. ಅಗೆಯುವ ಯಂತ್ರ ಇಳಿಯುವ ಮುನ್ನ ಕೈಯಿಂದ ಅಗೆದು ಪರೀಕ್ಷಿಸುವುದು ಅವರ ಕೆಲಸ. ಕೆಳಗೆ ಏನೂ ಇಲ್ಲವೆಂದು ಸಹಿ ಹಾಕುವುದು ನನ್ನದು.

ಶೀನಣ್ಣ ಉಡುಪಿ ಕಡೆಯವರು, ಮಂಗಫ್‌ನಲ್ಲಿ ನಮ್ಮ ಕೆಳಗಿನ ಮನೆಯಲ್ಲಿ ಅವರ ವಾಸ. ಹಿಂದೆ ಜಪಾನಿ ಎಂಜಿನಿಯರೊಬ್ಬರ ಕೈಕೆಳಗೆ ದುಡಿದಿದ್ದರಂತೆ. ಆತ ಕೊಟ್ಟುಹೋದ, ತನ್ನ ದೇಶದ ಉತ್ಖನನಗಳ ಚಿತ್ರಪುಸ್ತಕದ ಒಂದಕ್ಷರವೂ ಓದಲು ಬಾರದು, ಪುಟಗಳೆಲ್ಲ ಬಾಯಿಪಾಠ. ಯೋಶಿನೊಗಾರಿಯ ಕಂದಕ, ಬೀಗದ ತೂತಿನ ಆಕಾರದ ಅರಸರ ಗೋರಿ, ಸುಟ್ಟು ಗದ್ದೆಯಡಿ ಹೂತುಹೋದ ಇಚಿಜೊದಾನಿ ಪೇಟೆ. ಅವರ ಮೆಚ್ಚಿನ ಚಿತ್ರದಲ್ಲಿ ಮಾತ್ರ ಬರೀ ಕಂದು ನೆಲ, ಸಾಲಾಗಿ ಕಪ್ಪು ವೃತ್ತಗಳು.

"ಕಂಬ ಕುಂಬಾಗಿ ಹೋಗಿ ಸಾವಿರಾರು ವರ್ಷ ಆಯ್ತು ಸಾರ್. ಗುಂಡಿಯ ಗುರುತು ಉಂಟು ನೋಡಿ! ಒಮ್ಮೆ ಎಬ್ಬಿಸಿದ ಮಣ್ಣು ಮತ್ತೆ ಮೊದಲಿನ ಹಾಗೆ ಮಲಗುದಿಲ್ಲ ಮಾರಾಯ್ರೆ."

"ಅದು ಅಲ್ಲಿಯ ಮಣ್ಣು ಶೀನಣ್ಣ. ಇದು ಮರಳು, ಗುರುತು ಎಲ್ಲಿ ನಿಲ್ಲುತ್ತೆ?"

"ನೀವು ಎಮ್ಮೆಸ್ಸಿ ಓದಿದವರು. ನಾನು ಚಿತ್ರ ನೋಡಿದವ."

ಆ ದಿನ ಹಸಿರುಮನೆಗಳ ಆಚೆ ನೀರಿನ ಪೈಪಿಗೆ ಕಾಲುವೆ ತೋಡಬೇಕಿತ್ತು. ಯುದ್ಧಕಾಲದ ನೆಲಬಾಂಬುಗಳನ್ನು ಅಲ್ಲಿಂದ ಎಂದೋ ತೆಗೆದಾಗಿದೆ ಎಂದು ನಕ್ಷೆ ಹೇಳುತ್ತಿತ್ತು. ಶೀನಣ್ಣ ಇನ್ನೂ ಗುಂಡಿಯಲ್ಲಿದ್ದಾಗಲೇ ನಾನು ಸಹಿ ಹಾಕಿಬಿಟ್ಟಿದ್ದೆ. ಯಂತ್ರದ ಚಾಲಕ ಗುರ್‌ಮೀತ್ "ಯಲ್ಲಾ ಸಾಬ್?" ಎಂದ. ಶುರುಮಾಡು ಎಂದು ನಾನು ಕೈ ಎತ್ತಿದೆ.

"ಬಂದ್ ಕರೋ ಭಾಯಿ! ಬಂದ್!" ಎಂದು ಕೂಗಿದ ಶೀನಣ್ಣ, ಆಮೇಲೆ ನನಗೆ ಮೆಲ್ಲಗೆ ಹೇಳಿದರು: "ಸಾರ್, ಕಾಲು ಅಲ್ಲಾಡಿಸ್ಬೇಡಿ."

ಒದ್ದೆ ಮರಳಿನಲ್ಲಿ ತಟ್ಟೆಯಗಲದ ಕಲೆ, ಯಾರೋ ಎಂದೋ ಅಗೆದು ಮುಚ್ಚಿದ ಗುರುತು. ಮೂರು ಹೆಜ್ಜೆ ದೂರದಲ್ಲಿ ಅಂಥದೇ ಇನ್ನೊಂದು. ಅದೇ ಸಾಲಿನಲ್ಲಿ ಮತ್ತೆ ಮೂರು ಹೆಜ್ಜೆಗೆ, ಗುಂಡಿಯ ಅಂಚಿನಲ್ಲಿ, ನನ್ನ ಎಡಗಾಲಿತ್ತು. ಬಗ್ಗಿ ನೋಡಲೂ ಹೆದರಿದೆ.

"ಬಂದ ಹೆಜ್ಜೆ ಮೇಲೆಯೇ ಹಿಂದೆ ಹೋಗಿ. ನನ್ನ ಪುಸ್ತಕದ ಮೊದಲ ಪುಟದಲ್ಲಿ ಎಂತ ಉಂಟು?"

"ಕಂ... ಕಂದಕ."

"ಹೆಜ್ಜೆ ಇಡಿ. ಎರಡನೆಯದ್ರಲ್ಲಿ?"

"ಗೋರಿ."

"ಥೂ, ಈಗಲೇ ಅದು ನೆನಪಾಗ್ಬೇಕಾ ನಿಮಗೆ! ಮುಂದಿನದು ಹೇಳಿ."

ಹಾಗೆ ಪುಟ ತಿರುವುತ್ತ ನನ್ನನ್ನು ರಸ್ತೆಗೆ ಮುಟ್ಟಿಸಿದರು. ಅವರು ಆಮೇಲೆ ಬಂದರು.

ಸೈನ್ಯದವರು ಎರಡು ಬಾಂಬು ತೆಗೆದರು. ಮೂರನೆಯದು ಸಿಗಲಿಲ್ಲ, ಇರಲೇ ಇಲ್ಲವೇನೋ. ನನ್ನ ನೆನಪಿನಲ್ಲಿ ಆ ಕಲೆಗಳು ಕಡುಗಪ್ಪು. ಅಲ್ಲಿಯ ಮರಳಿನಲ್ಲಿ ಅಂಥ ಕಪ್ಪು ಸಾಧ್ಯವಿಲ್ಲ ಎಂದು ಓದಿದ ಬುದ್ಧಿ ಹೇಳುತ್ತದೆ. ಪುಸ್ತಕದ ಚಿತ್ರವನ್ನೇ ಅಲ್ಲಿ ತಂದಿಟ್ಟುಕೊಂಡಿದ್ದೇನೆಯೇ? ಗೊತ್ತಿಲ್ಲ. ಅವರು ಗುಂಡಿಯಲ್ಲಿರುವಾಗ ನಾನು ಕೈ ಎತ್ತಿದ್ದು ಮಾತ್ರ ನಿಜ, ಗುರ್‌ಮೀತನಿಗೂ ನೆನಪಿದೆ.

ವಾಸದ ಪರವಾನಗಿ ಇಕಾಮಾ ಮುಗಿದು ಶೀನಣ್ಣ ಊರಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಕೇಳಿಯೇಬಿಟ್ಟೆ: "ನಾನು ಮೊದಲೇ ಸಹಿ ಹಾಕಿದ್ದನ್ನ ನೀವು ಆಫೀಸಿನಲ್ಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮನ್ನು ತೆಗೀತಿದ್ರು. ಹೊಸಬ ಬರ್ತಿದ್ದ. ಅವ ಹೆದರಿದವ ಆಗಿರ್ಲಿಕ್ಕಿಲ್ಲ." ಚೀಲ ಹೆಗಲಿಗೇರಿಸಿದರು. "ನೀವು ಒಳ್ಳೆ ಹೆದರಿದ್ದೀರಿ ಸಾರ್. ಇನ್ನು ನೋಡದೆ ಸಹಿ ಹಾಕುದಿಲ್ಲ."

ಅವರು ಒಳಗೆ ಹೋದರು. ನಾನು ಈಗಲೂ ಅದೇ ಕೆಲಸದಲ್ಲಿದ್ದೇನೆ. ಹೆದರಿಕೆ ಒಂದಿಷ್ಟೂ ಕಡಿಮೆಯಾಗಿಲ್ಲ.