ಮೂವರು ಒತ್ತಿದ ಹೊಟ್ಟೆ

ಕಳೆದ ಸೋಮವಾರ ನಮ್ಮ ಪಡಸಾಲೆ ಆಸ್ಪತ್ರೆಯಾಗಿತ್ತು. ಅಕ್ಕನ ಮಗ ವಸಂತ ರಜೆಗೆಂದು ಹಳಿಯಾಳಕ್ಕೆ ಬಂದಿದ್ದಾನೆ. ಮೆಡಿಕಲ್ ಸ್ಕೂಲಿನಲ್ಲಿ ಮೂರನೇ ವರ್ಷ. ಜೊತೆಗೆ ಇಬ್ಬರು ಗೆಳೆಯರು. ಮೂವರ ಕೊರಳಲ್ಲೂ ಸ್ಟೆಥಾಸ್ಕೋಪು. (ಊಟಕ್ಕೆ ಕೂತಾಗಲೂ ತೆಗೆಯುವುದಿಲ್ಲ ಪುಣ್ಯಾತ್ಮರು!)

ಹಿತ್ತಲಾಚೆಯ ಬಸಪ್ಪನ ಹೆಂಡತಿ ಗಂಗವ್ವನಿಗೆ ತಿಂಗಳಿಂದ ಚಳಿಜ್ವರ. ಡಾಕ್ಟರು ಬಂದಿದ್ದಾರೆಂದು ಕೇಳಿ ಬಂದಳು. ವಸಂತ ಬೆಂಚಿನ ಮೇಲೆ ಮಲಗಿಸಿ ಪಕ್ಕೆಲುಬಿನ ಕೆಳಗೆ ಕೈಯಿಟ್ಟ. ಏನೋ ಗಟ್ಟಿಯಾದದ್ದು ಸಿಕ್ಕಿ ಅವನ ಮುಖ ಅರಳಿತು. ಗೆಳೆಯರನ್ನು ಕರೆದ. ಮೂವರೂ ಸರದಿಯಂತೆ ಒತ್ತಿದರು, ಬೆರಳಿನಿಂದ ಅಳೆದರು, ಇಂಗ್ಲಿಷಿನಲ್ಲಿ ವಾದಿಸಿದರು. ಗಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಮಲಗಿದ್ದಳು. ಎದ್ದ ಮೇಲೆ ತನಗೇನಾಗಿದೆ ಎಂದು ಕೇಳಿದಳು.

ವಸಂತ ಕ್ವಿನೈನ್ ಮಾತ್ರೆಗಳನ್ನು ನನ್ನ ಕೈಗಿತ್ತು (ಈ ಯುದ್ಧಕಾಲದಲ್ಲಿ ಅವು ಸಿಗುವುದೇ ಕಷ್ಟ) ಕೈ ತೊಳೆಯಲು ಹೋದ. ನಾನಾದರೂ ಕೇಳಬೇಕಿತ್ತು. ಕೇಳದೆ ಮಾತ್ರೆಗಳನ್ನು ಅವಳಿಗೆ ಕೊಟ್ಟು ಕಳಿಸಿದೆ.

ಗುರುವಾರ ಬಸಪ್ಪ ಬಂದ. ಗಂಗವ್ವ ಊಟ ಬಿಟ್ಟಿದ್ದಾಳಂತೆ. ಮಾತ್ರೆ ಮುಟ್ಟಿಲ್ಲವಂತೆ. ಮಗಳನ್ನು ಕರೆಸಿ ಕೊರಳಿನ ಚಿನ್ನದ ಬೋರಮಾಳ ಬಿಚ್ಚಿ ಕೊಟ್ಟುಬಿಟ್ಟಳಂತೆ.

"ಬರೇ ಜ್ವರಗಡ್ಡಿ ಆಗಿದ್ರ ಹೇಳ್ತಿದ್ರಲ್ರಿ ಮಾಸ್ತರ. ಮೂರು ಮಂದಿ ಡಾಕ್ಟರು ನೋಡಿ ಬಾಯಿ ಬಿಡಲಿಲ್ಲಂದ್ರ ಇನ್ನೇನ ಉಳದೈತ್ರಿ?"

ಅದು ಬರೇ ಜ್ವರಗಡ್ಡೆಯೇ, ಚಳಿಜ್ವರಕ್ಕೆ ಊದಿದ ಗುಲ್ಮ! ಮುಂಡಗೋಡದಿಂದ ಸೂಪಾದ ಕಾಡಿನವರೆಗೆ ಮನೆಗೊಬ್ಬರ ಹೊಟ್ಟೆಯಲ್ಲಿರುವಂಥದು.

ನನಗೆ ಮೈಯೆಲ್ಲ ಉರಿಯಿತು. ವಸಂತನನ್ನು ಕರೆದು ಬಾಯಿಗೆ ಬಂದಂತೆ ಬೈದೆ. ಅವನು ಹೇಳಿದ್ದು ಕೇಳಿ ಇನ್ನಷ್ಟು ಉರಿಯಿತು. ಅವರ ಆಸ್ಪತ್ರೆಯಲ್ಲಿ ರೋಗಿಗೆ ಉತ್ತರ ಹೇಳುವುದು ದೊಡ್ಡ ಡಾಕ್ಟರರ ಹಕ್ಕಂತೆ. ವಾರ್ಡಿಗೆ ಹೋದ ಹೊಸದರಲ್ಲಿ ಇವನು ಒಬ್ಬ ಮುದುಕನಿಗೆ ಹೆದರಬೇಡ ಅಜ್ಜಾ ಎಂದನಂತೆ. ಅಷ್ಟಕ್ಕೇ ಎಲ್ಲರೆದುರು ಹೊರಗೆ ನಿಲ್ಲಿಸಿದರಂತೆ. ಅಂದಿನಿಂದ ಬಾಯಿ ಹೊಲಿದುಕೊಂಡ. ಬರಬರುತ್ತಾ ಸುಮ್ಮನಿರುವುದೇ ಡಾಕ್ಟರಿಕೆ ಎನಿಸಿತಂತೆ.

ಎಂಥ ವಿದ್ಯೆ ಸ್ವಾಮಿ ಇದು? ದನಕ್ಕೆ ಮುಳ್ಳು ಚುಚ್ಚಿದರೂ ಕಣ್ಣೀರು ಹಾಕುತ್ತಿದ್ದ ಹುಡುಗನನ್ನು ನಾವು ಕಳಿಸಿದೆವು. ಅವರು ಕೋಟು ತೊಡಿಸಿದ ಕಲ್ಲನ್ನು ತಿರುಗಿ ಕಳಿಸಿದ್ದಾರೆ.

ರಟ್ಟೆ ಹಿಡಿದು ಗಂಗವ್ವನ ಮನೆಗೆ ಎಳೆದೊಯ್ದೆ. ಹೊಸ್ತಿಲಲ್ಲಿ ನಿಂತು ತಡವರಿಸಿದ. ಮೊದಲು ಇಂಗ್ಲಿಷ್ ಬಂತು. ನಾನು ಕಣ್ಣು ಕೆಕ್ಕರಿಸಿದ ಮೇಲೆ ಕನ್ನಡ ಬಂತು.

"ಜ್ವರಗಡ್ಡಿ ಅಷ್ಟ ಐತಿ, ಗಂಗಕ್ಕ. ಮಾತ್ರಿ ತಗೊಂಡ್ರ ಇಳೀತೈತಿ. ನಿನಗೇನೂ ಆಗೂದಿಲ್ಲ."

ಗೋಡೆಗೊರಗಿದ್ದ ಗಂಗವ್ವ ನೆಟ್ಟಗೆ ಕೂತಳು.

"ಇಷ್ಟ ಹೇಳಾಕ ಸೋಮಾರ ನಿನ್ನ ಬಾಯಿಗೇನಾಗಿತ್ತೋ ತಮ್ಮಾ?"

ಇದೇ ಪ್ರಶ್ನೆಯನ್ನು ಅವನ ದೊಡ್ಡ ಡಾಕ್ಟರರಿಗೆ ಕೇಳುವವರು ಯಾರು?