ಸುಳ್ಳು ಯಜಮಾನ ಮಿರ್‌ಸೋದಿಕ್ ಓತಾ

ಮಿರ್‌ಸೋದಿಕ್ ಓತಾ ಹುಟ್ಟಿದಂದಿನಿಂದ ಯಾವುದಕ್ಕೂ ಯಜಮಾನರಾದವರಲ್ಲ. ತಾಷ್ಕೆಂಟಿನ ಬೀದಿಗಳಲ್ಲಿ ಟ್ರಾಮ್ ಓಡಿಸಿಕೊಂಡಿದ್ದವರು. ಟ್ರಾಮುಗಳು ನಿಂತ ಮೇಲೆ ದ್ರಾಕ್ಷಿ ಚಪ್ಪರದಡಿ ಮಂಚ ಹಾಕಿಕೊಂಡು ನಮ್ಮ ಮೊಹಲ್ಲಾದವರ ಸಂಸಾರಗಳನ್ನು ಓಡಿಸತೊಡಗಿದರು. ಯಾರ ಮನೆಯಲ್ಲಿ ಗಂಡ ಹೆಂಡತಿ ಮುನಿಸಿಕೊಂಡರೂ ಕೊನೆಗೆ ಪಂಚಾಯಿತಿ ಸೇರುವುದು ಅದೇ ಮಂಚದ ಮೇಲೆ. ಬಿಳಿ ಗಡ್ಡ, ಅಗಲ ಎದೆ, ಎದುರಿಗಿದ್ದವರ ಬೆನ್ನು ತಾನಾಗಿ ಬಗ್ಗುವಂಥ ದನಿ. ಓತಾ ಎಂದರೆ ನಮ್ಮಲ್ಲಿ ಅಪ್ಪನೂ ಹೌದು, ಅಪ್ಪನ ವಯಸ್ಸಿನ ಯಾರಾದರೂ ಹೌದು. ಆದರೆ ಮೊಹಲ್ಲಾದಲ್ಲಿ ಬರೀ ಓತಾ ಎಂದರೆ ಇವರೊಬ್ಬರೇ.

ಇವರನ್ನು ಕಂಪನಿಗೆ ಕರೆದುಕೊಂಡು ಹೋದವನು ನಾನು. ನಮ್ಮದು ಬೇರೆಯವರ ವ್ಯಾಪಾರಕ್ಕೆ ಬೇಕಾದ ಸಾಫ್ಟ್‌ವೇರ್ ಮಾಡಿಕೊಡುವ, ಜೊತೆಗೆ ಸಲಹೆಯನ್ನೂ ಮಾರುವ ಕಂಪನಿ. ಕೆಲಸ ಕೇಳಿಕೊಂಡು ಬಂದವರನ್ನು ಸಾಲಾಗಿ ಕೂರಿಸಿ, ಚಹಾ ಕೊಟ್ಟು, ಒಬ್ಬೊಬ್ಬರನ್ನೇ ಒಳಗೆ ಬಿಡುವುದು ನನ್ನ ಪಾಲಿನ ಕೆಲಸ. ನಮ್ಮ ಮುಖ್ಯಸ್ಥ ಬಖ್ರೋಮ್ ಜರ್ಮನಿಯಲ್ಲಿ ಬಹಳ ವರ್ಷ ಇದ್ದು ಬಂದವನು, ಮಾತು ನೇರ. ಅವನಿಗೆ ಒಂದೇ ಕೊರಗು. ನಮ್ಮ ಹುಡುಗರು ಎಂಥ ಕಗ್ಗಂಟಿನ ಲೆಕ್ಕವನ್ನೂ ಬಿಡಿಸುತ್ತಾರೆ, ಆದರೆ ದುಡ್ಡು ಕೊಡುವ ಗಿರಾಕಿ ಬಾವಿಗೆ ಬೀಳಿ ಅಂದರೂ ಎದೆಯ ಮೇಲೆ ಕೈಯಿಟ್ಟು ಸರಿ ಅನ್ನುತ್ತಾರೆ, ಇಲ್ಲ ಅನ್ನುವ ಬಾಯಿ ಒಂದೂ ಸಿಕ್ಕಲಿಲ್ಲ ಎನ್ನುತ್ತಿದ್ದ. ಅದಕ್ಕೇ ಕೊನೆಯ ಸುತ್ತಿನ ಸಂದರ್ಶನವನ್ನು ನಾಟಕ ಮಾಡಿಬಿಟ್ಟ. ಒಬ್ಬ ಸುಳ್ಳು ಗಿರಾಕಿ ಕುರ್ಚಿಯಲ್ಲಿ ಕೂತು ಮಾಡಬಾರದ ಕೆಲಸವೊಂದನ್ನು ಮಾಡಿಕೊಡಿ ಅನ್ನಬೇಕು. ಇಲ್ಲ ಎಂದವರಿಗೆ ಕೆಲಸ, ಸರಿ ಎಂದವರಿಗೆ ಬಾಗಿಲು.

ಆ ಕುರ್ಚಿಗೆ ತಕ್ಕ ಮನುಷ್ಯನನ್ನು ಹುಡುಕು ಎಂದು ನನಗೆ ಹೇಳಿದ್ದ. ಅದೇ ವಾರ ಒಂದು ಮದುವೆಯ ಬೆಳಗಿನ ಪಲಾವಿಗೆ ಹೋಗಿದ್ದೆ. ಯಾರು ಎಲ್ಲಿ ಕೂರಬೇಕೆಂದು ಓತಾ ಹುಬ್ಬಿನಲ್ಲೇ ತೋರಿಸುತ್ತಿದ್ದರು, ಬ್ಯಾಂಕಿನ ಮ್ಯಾನೇಜರನೂ ತುಟಿಪಿಟಕ್ಕೆನ್ನದೆ ಹೋಗಿ ಕೂರುತ್ತಿದ್ದ. ನನ್ನ ಹುಡುಕಾಟ ಅಲ್ಲಿಗೆ ಮುಗಿಯಿತು.

ಓತಾ ಹೇಳಬೇಕಾಗಿದ್ದ ಮಾತು ಇಷ್ಟೇ. ನಾನು ಮಕ್ಕಳ ಆಸ್ಪತ್ರೆಗಳ ಯಜಮಾನ. ಔಷಧಿಯ ಪ್ರಮಾಣ ಮಗುವಿನ ತೂಕಕ್ಕೆ ಹೆಚ್ಚಾದರೆ ಕಂಪ್ಯೂಟರ್ ಕೂಗಿಕೊಳ್ಳುತ್ತದೆ, ನರ್ಸುಗಳಿಗೆ ತಲೆನೋವು, ಆ ಕೂಗನ್ನು ತೆಗೆದುಹಾಕಿ. ಹೊಸಬರ ನಡತೆ ನೋಡುವ ನಾಟಕ ಎಂದಷ್ಟೇ ಅವರಿಗೆ ಹೇಳಿದ್ದೆವು, ಇಲ್ಲ ಎಂದವರಿಗೇ ಕೆಲಸ ಎಂಬುದನ್ನು ಹೇಳಿರಲಿಲ್ಲ. ಗೊತ್ತಾದರೆ ಮುಖದಲ್ಲೇ ಕಾಣುತ್ತದೆ ಎಂಬುದು ಬಖ್ರೋಮನ ಲೆಕ್ಕ.

ಮೊದಲ ದಿನ ಆ ಕೋಣೆಯ ಮೂಲೆಯಲ್ಲಿ ಕೂತು ನಾನು ದಂಗಾಗಿ ಹೋದೆ. ಕೆಲವರಾದರೂ ತಡವರಿಸಬಹುದು ಅಂದುಕೊಂಡಿದ್ದೆ. ವಿಶ್ವವಿದ್ಯಾಲಯದಲ್ಲಿ ಚಿನ್ನದ ಪದಕ ತೆಗೆದವನು ಬಂದ, ಓತಾ ಮಾತು ಮುಗಿಸುವ ಮುಂಚೆಯೇ ಆಗಲಿ ಎಂದ. ಇಬ್ಬರು ಮಕ್ಕಳ ತಾಯಿ ಬಂದಳು, ಮುಖ ಬಿಳಿಚಿಕೊಂಡಿತು, ಆದರೂ ಆಗಲಿ ಎಂದಳು. ಆ ಕೂಗನ್ನು ತೆಗೆಯುವುದಷ್ಟೇ ಅಲ್ಲ, ಮತ್ತೆ ಯಾರೂ ಹಾಕದ ಹಾಗೆ ಮಾಡಿಕೊಡುತ್ತೇನೆ ಎಂದು ಒಬ್ಬ ಪುಣ್ಯಾತ್ಮ ಮೇಲಿನಿಂದ ಸೇರಿಸಿದ. ಓತಾ ಮಾತ್ರ ಒಬ್ಬೊಬ್ಬರಿಗೂ ಎರಡು ಅಂಗೈ ಎತ್ತಿ ಹರಸಿ ಕಳಿಸುತ್ತಿದ್ದರು. ಎಷ್ಟು ಚೆನ್ನಾಗಿ ಬೆಳೆಸಿದ್ದಾರೆ ಈ ಮಕ್ಕಳನ್ನ ಎಂದು ನನ್ನ ಕಡೆ ತಿರುಗಿ ಹೆಮ್ಮೆಪಡುತ್ತಿದ್ದರು. ಅಪರೂಪಕ್ಕೊಬ್ಬರು ಅಂಜುತ್ತ ಅಂಜುತ್ತ ಅದು ತಪ್ಪಾಗುತ್ತದಲ್ಲ ಎಂದರೆ, ಇದ್ಯಾವ ಮನೆಯ ಪಿಂಡ ಎಂಬಂತೆ ದುರುಗುಟ್ಟುತ್ತಿದ್ದರು. ನಮಗೆ ಬೇಕಾಗಿದ್ದವರು ಆ ಪಿಂಡಗಳೇ.

ಇದಕ್ಕಿಂತ ದೊಡ್ಡ ಎಡವಟ್ಟು ಆಗುತ್ತಿದ್ದದ್ದು ಮೊಹಲ್ಲಾದಲ್ಲಿ. ಓತಾ ಆ ಕಂಪನಿಯಲ್ಲಿ ದೊಡ್ಡ ಜನ ಎಂಬ ಸುದ್ದಿ ಹಬ್ಬಿ, ಕೆಲಸಕ್ಕೆ ಅರ್ಜಿ ಹಾಕಿದವರೆಲ್ಲ ಮೊದಲು ಅವರ ಮಂಚಕ್ಕೆ ಬರುತ್ತಿದ್ದರು. ಕುರ್ಚಿಯಲ್ಲಿ ಕೂರುವುದು ತಾವೇ ಎಂಬುದನ್ನು ಬಿಟ್ಟುಕೊಡದೆ ಅವರು ಎಲ್ಲರಿಗೂ ಕೊಡುತ್ತಿದ್ದ ಬುದ್ಧಿ ಒಂದೇ: ಅಲ್ಲಿ ಹಿರಿಯರೊಬ್ಬರು ಕೂತಿರುತ್ತಾರೆ, ಅವರು ಹೇಳಿದ್ದಕ್ಕೆ ಎದುರಾಡಬೇಡಿ, ಮಿಕ್ಕಿದ್ದು ದೇವರಿಗೆ ಬಿಡಿ. ನಮ್ಮ ಬೀದಿಯಿಂದ ಬಂದವರು ಒಬ್ಬರೂ ಬಿಡದೆ ಫೇಲಾದರು. ಒಳಗೆ ನಡೆದದ್ದನ್ನು ಹೊರಗೆ ಹೇಳುವುದಿಲ್ಲವೆಂದು ಎಲ್ಲರಿಂದಲೂ ಸಹಿ ಹಾಕಿಸಿಕೊಳ್ಳುತ್ತಿದ್ದೆವು, ಹಾಗಾಗಿ ಗುಟ್ಟು ಬೀದಿಗೆ ಬರಲಿಲ್ಲ. ಅವರ ತಾಯಂದಿರು ನನ್ನನ್ನು ಬೇಕರಿಯ ಮುಂದೆ ಹಿಡಿದು ನಿಲ್ಲಿಸಿ, ಸ್ವಂತ ಬೀದಿಯ ಮಕ್ಕಳಿಗೆ ಅನ್ನ ಹಾಕಲಾರದ ನೀನೆಂಥ ಗಂಡಸು ಎಂದು ಬೆವರಿಳಿಸುತ್ತಿದ್ದರು. ಬಾಯಿ ಬಿಡುವ ಹಾಗಿರಲಿಲ್ಲ, ಬೈಸಿಕೊಂಡು ಬಿಸಿ ರೊಟ್ಟಿ ಹಿಡಿದು ಮನೆಗೆ ಬರುತ್ತಿದ್ದೆ.

ಇಂಥ ಹೊತ್ತಿನಲ್ಲಿ ಓಯ್ದಿನ್ ಅರ್ಜಿ ಹಾಕಿದಳು.

ಓಯ್ದಿನ್ ಓತಾ ಅವರ ಎದುರು ಮನೆಯ ಹುಡುಗಿ. ಗಂಡ ಬಿಟ್ಟವಳು. ಯಾಕೆ ಬಿಟ್ಟ ಎಂಬುದು ಮೊಹಲ್ಲಾಕ್ಕೆಲ್ಲ ಗೊತ್ತು. ಎರಡು ಬೀದಿ ಆಚೆಯ ಮನೆಗೆ ಕೊಟ್ಟಿದ್ದರು. ಹೆಣ್ಣು ಮಗು ಹುಟ್ಟಿತು, ರಾತ್ರಿಯೆಲ್ಲ ಅಳುತ್ತಿತ್ತು. ಮಗು ಮಲಗಲಿ ಎಂದು ಮಾವ ಅಫೀಮು ತೆಗೆಯುವ ಗಸಗಸೆ ಕಾಯಿಯ ಕಷಾಯವನ್ನು ಚಮಚದಲ್ಲಿ ಬಾಯಿಗಿಡಲು ಬಂದ. ಇವಳು ಬೇಡ ಎಂದಳು. ಅವನು ಕೇಳಲಿಲ್ಲ. ಇವಳು ಅವನ ಕೈಯನ್ನು ತಳ್ಳಿದಳು. ಕಷಾಯ ಅವನ ಗಡ್ಡದ ಮೇಲೆ ಚೆಲ್ಲಿತು. ಸೊಸೆ ಮಾವನಿಗೆ ಹೊಡೆದಳು ಎಂಬ ಸುದ್ದಿಯಾಗಿ ಅದು ಓತಾ ಅವರ ಮಂಚ ತಲುಪಿತು. ಓತಾ ಅವಳ ಮಾತು ಪೂರ್ತಿ ಕೇಳಲಿಲ್ಲ. ಹತ್ತಾರು ಜನರೆದುರು ಮಾವನ ಕ್ಷಮೆ ಕೇಳಿಸಿದರು, ಅಷ್ಟು ಸಾಲದೆಂದು ತಮ್ಮ ಕೈ ಮುಟ್ಟಿಸಿ, ಇನ್ನು ಮೇಲೆ ಯಾವ ಹಿರಿಯರಿಗೂ ಎದುರಾಡುವುದಿಲ್ಲವೆಂದು ಮಾತು ತೆಗೆದುಕೊಂಡರು. ನೀವು ಹಿರಿಯರು, ನಿಮಗೆ ಗೊತ್ತಿರುತ್ತದೆ ಎಂದು ಅವಳಿಂದ ಹೇಳಿಸಿದರು. ಅವಳು ಎಲ್ಲವನ್ನೂ ಹೇಳಿದಳು. ಅಷ್ಟಾದರೂ ಆ ಮನೆಯವರು ಬೇಸಿಗೆ ಕಳೆಯುವುದರೊಳಗೆ ಅವಳನ್ನೂ ಮಗುವನ್ನೂ ವಾಪಸ್ ಬಿಟ್ಟುಹೋದರು. ಅಂದಿನಿಂದ ಓಯ್ದಿನ್ ಕೊಟ್ಟ ಮಾತಿಗೆ ತಪ್ಪಿದವಳಲ್ಲ. ತವರಿನಲ್ಲಿ ತಲೆಯೆತ್ತಿ ಮಾತಾಡಿದ್ದನ್ನು ಯಾರೂ ಕಾಣೆವು. ಅಣ್ಣನ ಹಳೇ ಲ್ಯಾಪ್‌ಟಾಪಿನ ಮುಂದೆ ಕೂತು ಅವಳು ಏನೇನು ಕಲಿತಿದ್ದಳೋ, ನಮ್ಮ ಮೊದಲ ಮೂರು ಸುತ್ತುಗಳನ್ನು ನೀರು ಕುಡಿದಂತೆ ದಾಟಿದಳು.

ಈ ಕೆಲಸ ಅವಳಿಗೆ ಬೇಕೇ ಬೇಕಾಗಿತ್ತು. ಅಣ್ಣನ ಮದುವೆ ಗೊತ್ತಾಗಿತ್ತು, ಅವಳೂ ಮಗುವೂ ಇದ್ದ ಕೋಣೆ ಹೊಸ ಸೊಸೆಗೆ. ಕೆಲಸ ಸಿಕ್ಕರೆ ಬಾಡಿಗೆಗೊಂದು ಕೋಣೆ ಹಿಡಿದು ಮಗುವಿನೊಂದಿಗೆ ಇಲ್ಲೇ ಇರಬಹುದು. ಸಿಗದಿದ್ದರೆ ಜಿಜ್ಜಾಖ್‌ನಲ್ಲಿರುವ ಸೋದರತ್ತೆಯ ಮನೆಗೆ ಹೋಗಿ ಹಸು ಕರೆಯಬೇಕು, ಮಗು ಇಲ್ಲೇ ಅಜ್ಜಿಯ ಹತ್ತಿರ ಇರಬೇಕು ಎಂದು ಮನೆಯವರು ತೀರ್ಮಾನಿಸಿಯಾಗಿತ್ತು. ಕೊನೆಯ ಸುತ್ತಿಗೆ ಮುಂಚೆ ಅವಳೂ ಎಲ್ಲರಂತೆ ಓತಾ ಅವರ ಮಂಚಕ್ಕೆ ಹೋಗಿ ಬಂದಳು. ಅವರೂ ಎಲ್ಲರಿಗೆ ಕೊಟ್ಟ ಬುದ್ಧಿಯನ್ನೇ ಕೊಟ್ಟು ಕಳಿಸಿದರು.

ಅದರ ಮಾರನೆಯ ದಿನ ಕಂಪನಿಯ ಊಟದ ಮನೆಯಲ್ಲಿ ಗುಟ್ಟು ರಟ್ಟಾಯಿತು. ನಮ್ಮ ಬೀದಿಯ ಮಕ್ಕಳನ್ನ ಯಾಕೆ ತಗೊಳ್ತಿಲ್ಲ ಎಂದು ಓತಾ ನೇರವಾಗಿ ಬಖ್ರೋಮನನ್ನೇ ಕೇಳಿಬಿಟ್ಟರು. ಬಖ್ರೋಮನಿಗೆ ಪಲಾವು ರುಚಿಯಾಗಿತ್ತೋ ಏನೋ, ನಾಲಿಗೆ ಸಡಿಲವಾಯಿತು.

"ಓತಾ, ನಿಮ್ಮ ಮುಖ ನೋಡಿದ್ರೆ ಯಾರಿಗೂ ಇಲ್ಲ ಅನ್ನೋಕೆ ಬಾಯಿ ಬರಲ್ಲ. ಅದಕ್ಕೇ ನಿಮ್ಮನ್ನ ಆ ಕುರ್ಚೀಲಿ ಕೂರ್ಸಿರೋದು. ಸರಿ ಅಂದೋರೆಲ್ಲ ಹೊರಗೆ."

ಓತಾ ಅವರ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಅಷ್ಟು ದೊಡ್ಡ ಮನುಷ್ಯ ಗರ ಬಡಿದವರಂತೆ ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ.

"ನಾನು ಹರಸಿ ಕಳಿಸ್ತಿದ್ದೆನಲ್ಲೋ," ಎಂದರು. "ಒಬ್ಬೊಬ್ಬರನ್ನೂ ಹರಸಿ ಕಳಿಸ್ತಿದ್ದೆ."

ಆಡಿದ ಮೇಲೆ ಬಖ್ರೋಮನಿಗೆ ಎಚ್ಚರವಾಯಿತು. ಮೇಜಿನ ಮೇಲಿದ್ದ ನಾನ್ ರೊಟ್ಟಿಯನ್ನು ಅವರ ಮುಂದಕ್ಕೆ ಸರಿಸಿ, ಇದನ್ನು ಯಾರಿಗೂ ಹೇಳುವುದಿಲ್ಲವೆಂದು ಮುಟ್ಟಿ ಹೇಳಿ ಎಂದ. ರೊಟ್ಟಿ ಮುಟ್ಟಿ ಆಡಿದ ಮಾತಿಗೆ ನಮ್ಮಲ್ಲಿ ತಪ್ಪುವವರಿಲ್ಲ. ಓತಾ ಯಾವುದೋ ಜ್ಞಾನದಲ್ಲಿ ಮುಟ್ಟಿಬಿಟ್ಟರು. ಮನೆಗೆ ಹೋಗುವಾಗ ಮೆಟ್ರೋದಲ್ಲಿ ನನ್ನ ತೋಳು ಹಿಡಿದುಕೊಂಡರು. "ಶೋಕಿರ್‌ಜಾನ್, ನಾಡಿದ್ದು ಓಯ್ದಿನ್ ಬರ್ತಾಳಲ್ಲೋ," ಎಂದರು. ಬೇಡವಾದರೆ ಆ ದಿನ ಬರಬೇಡಿ, ಇನ್ನೊಬ್ಬರನ್ನು ಕೂರಿಸುತ್ತೇನೆ ಎಂದೆ. ಬೇರೆ ಯಾರೇ ಹಿರಿಯರು ಕೂತರೂ ಅವಳು ಸರಿ ಅಂತಾಳೆ, ಆ ಮಾತು ತಗೊಂಡವನು ನಾನು, ನಾನೇ ಬರುತ್ತೇನೆ ಎಂದರು.

ಆ ದಿನ ಓಯ್ದಿನ್ ಒಳಗೆ ಬಂದು ಕುರ್ಚಿಯಲ್ಲಿ ಓತಾ ಅವರನ್ನು ಕಂಡು ಒಂದು ಕ್ಷಣ ನಿಂತಳು. ಹೆಚ್ಚಿನವರಿಗೆ ಅವರು ಯಾರೋ ಆಸ್ಪತ್ರೆಯ ಯಜಮಾನ. ಇವಳಿಗೆ ಎದುರು ಮನೆಯವರು. ಗಿರಾಕಿಯ ಪಾತ್ರ ಮಾಡುತ್ತಿದ್ದಾರೆ, ನಿಜವಾದ ಗಿರಾಕಿ ಎಂದೇ ತಿಳಿದು ಉತ್ತರ ಕೊಡು ಎಂದು ಬಖ್ರೋಮ್ ಹೇಳಿದ. ಅವಳು ತಲೆ ತಗ್ಗಿಸಿ ಕೂತಳು.

ಓತಾ ತಮ್ಮ ಮಾತನ್ನು ಹೇಳಿದರು. ಮಕ್ಕಳ ಔಷಧಿ, ಹೆಚ್ಚಾದ ಪ್ರಮಾಣ, ಕಂಪ್ಯೂಟರಿನ ಕೂಗು. ಹೇಳುತ್ತ ಹೇಳುತ್ತ ಅವರ ಕಣ್ಣು ಅವಳ ಮುಖವನ್ನೇ ಹುಡುಕುತ್ತಿತ್ತು. ಅವಳು ಕಣ್ಣೆತ್ತಲಿಲ್ಲ. ಬಲಗೈ ಎದೆಗೆ ಹೋಯಿತು.

"ಸರಿ, ಓತಾ."

ಬಖ್ರೋಮ್ ಲ್ಯಾಪ್‌ಟಾಪ್ ಮುಚ್ಚಲು ಕೈ ಹಾಕಿದ. ಓತಾ ಬಿಡಲಿಲ್ಲ. ನಾವು ಕಲಿಸಿದ ಮಾತಿನಲ್ಲಿ ಇಲ್ಲದ್ದನ್ನೆಲ್ಲ ಕೇಳತೊಡಗಿದರು. ನರ್ಸು ತಪ್ಪು ಮಾಡಿದರೆ ಏನಾಗುತ್ತದೆ ಗೊತ್ತಾ ಎಂದರು. ಗೊತ್ತು ಎಂದಳು. ಮಗುವಿಗೆ ಮಂಪರು ಹತ್ತಿದರೆ, ಉಸಿರು ನಿಂತರೆ ಎಂದರು. ಮಡಿಲಲ್ಲಿದ್ದ ಅವಳ ಎಡಗೈ ಬಟ್ಟೆಯನ್ನು ಹಿಂಡಿತು.

"ನೀವು ಹಿರಿಯರು. ನಿಮಗೆ ಗೊತ್ತಿರುತ್ತೆ."

ಅಂದು ಮಂಚದ ಮುಂದೆ ನಿಂತು ಹೇಳಿದ ಮಾತು ಅದು, ಅಕ್ಷರ ಆಚೀಚೆ ಆಗಿರಲಿಲ್ಲ. ಓತಾ ಕುರ್ಚಿಯ ತೋಳು ಹಿಡಿದು ಎದ್ದು ನಿಂತರು. ಮೇಜು ಬಳಸಿ ಬಂದು ಅವಳ ಮುಂದೆ ನಿಂತರು. ಇದ್ಯಾವ ನಾಟಕ ಎಂದು ಬಖ್ರೋಮ್ ನನ್ನನ್ನು ನೋಡಿದ, ಸುಮ್ಮನಿರು ಎಂದು ಕಣ್ಣಲ್ಲೇ ಗದರಿದೆ.

"ಮಗಳೇ," ಎಂದರು ಓತಾ. "ಅವತ್ತು ನಿನ್ನ ಮಾವನ ಕೈ ತಳ್ಳಿದ್ಯಲ್ಲ, ಸರಿಯಾಗೇ ಮಾಡಿದ್ದೆ. ಮಗೂನ ಉಳಿಸ್ಕೊಂಡೆ. ತಪ್ಪು ನಂದು. ನೀನು ನನಗೆ ಕೊಟ್ಟ ಮಾತು ಇನ್ನಿಲ್ಲ, ನಿನಗೇ ವಾಪಸ್ ಕೊಟ್ಟಿದೀನಿ. ನನ್ನನ್ನ ಕ್ಷಮಿಸಿಬಿಡು."

ಬಿಳಿಗಡ್ಡದವರು ಕ್ಷಮೆ ಕೇಳಿದರೆ ನಮ್ಮಲ್ಲಿ ಕ್ಷಮಿಸಿದೆ ಎಂಬ ಮಾತು ಅವರ ಮಾತು ಮುಗಿಯುವ ಮೊದಲೇ ಬಂದುಬಿಡುತ್ತದೆ. ಅಪ್ಪನನ್ನು ಕೊಂದವನೇ ಮುದುಕನಾಗಿ ಬಂದು ಕೇಳಿದರೂ ಅಷ್ಟೇ. ಬೇರೆ ಉತ್ತರವೊಂದು ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಓಯ್ದಿನ್ ತಲೆಯೆತ್ತಿದಳು. ಎಷ್ಟೋ ಕಾಲದ ಮೇಲೆ ಆ ಕಣ್ಣುಗಳನ್ನು ನೋಡಿದೆ.

"ಇಲ್ಲ, ಓತಾ," ಎಂದಳು.

ದನಿ ಏರಿರಲಿಲ್ಲ. ಎದೆಯ ಮೇಲಿನ ಕೈಯನ್ನೂ ತೆಗೆದಿರಲಿಲ್ಲ.

"ಕ್ಷಮಿಸೋಕಾಗಲ್ಲ. ಅವತ್ತು ಅಷ್ಟು ಜನ ಇದ್ರು, ಒಬ್ಬರಾದ್ರೂ ಮಗು ಹೇಗಿದೆ ಅಂತ ಕೇಳ್ಲಿಲ್ಲ. ನೀವೂ ಕೇಳ್ಲಿಲ್ಲ. ಆ ಕೂಗನ್ನೂ ನಾನು ತೆಗೆಯಲ್ಲ. ಮಕ್ಕಳು ಸಾಯ್ತಾವೆ. ಬೇರೆಯವರ ಹತ್ರ ಮಾಡಿಸ್ಕೊಳ್ಳಿ ಅಂತಾನೂ ಹೇಳಲ್ಲ, ಯಾರ ಹತ್ರಾನೂ ಮಾಡಿಸ್ಬೇಡಿ," ಎಂದಳು.

ಓತಾ ಅಲ್ಲೇ ನಿಂತಿದ್ದರು. ಯಾರೋ ಕೆನ್ನೆಗೆ ಬಾರಿಸಿದ ಹಾಗಿತ್ತು ಅವರ ಮುಖ. ನನಗಂತೂ ಆ ಹುಡುಗಿಯ ಮೇಲೆ ಸಿಟ್ಟೇ ಬಂತು, ನಿಜ ಹೇಳಬೇಕಲ್ಲ. ಕ್ಷಮೆ ಕೇಳಿದವರು ನನ್ನಪ್ಪನೇ ಎನ್ನಿಸುವಷ್ಟು ಸಿಟ್ಟು. ಅದು ಇಳಿಯುವ ಮೊದಲೇ ಓತಾ ಬಖ್ರೋಮನ ಕಡೆ ತಿರುಗಿದರು. "ಇವಳು ಇಲ್ಲ ಅಂದ್ಲು. ಕೇಳಿಸ್ತಾ?" ಎಂದು, ಟೋಪಿ ಸರಿಮಾಡಿಕೊಂಡು ಹೊರಗೆ ಹೋದರು.

ಅಂದು ಅಂಗೈ ಎತ್ತಿ ಹರಸಲಿಲ್ಲ. ನಾನು ಹಿಂದೆಯೇ ಓಡಿದೆ. ಮೆಟ್ಟಿಲಿನ ಮೇಲೆ ಕೂತು, ಕಟಕಟಿಸುವ ಹಲ್ಲುಗಳನ್ನು ಕೈಯಿಂದ ಒತ್ತಿ ಹಿಡಿದಿದ್ದರು. ನೀರು ತರಲೇ ಎಂದರೆ ಬೇಡವೆಂದು ತಲೆಯಾಡಿಸಿದರು.

ಓಯ್ದಿನ್‌ಗೆ ಕೆಲಸ ಸಿಕ್ಕಿತು. ಮಗುವನ್ನು ಕರೆದುಕೊಂಡು ಬೇಕರಿಯ ಮೇಲಿನ ಕೋಣೆಗೆ ಬಾಡಿಗೆಗೆ ಹೋದಳು. ಓತಾ ಮತ್ತೆ ಕಂಪನಿಗೆ ಬರಲಿಲ್ಲ. ಪಂಚಾಯಿತಿಯನ್ನೂ ಬಿಟ್ಟರು, ಜಗಳ ತಂದವರಿಗೆ ಚಹಾ ಕುಡಿಸಿ, ನನಗೇನೂ ತಿಳಿಯದಪ್ಪ ಎಂದು ಕಳಿಸುತ್ತಾರೆ. ಸುದ್ದಿ ಹೇಗೋ ಹಬ್ಬಿ, ಮೊಹಲ್ಲಾದ ಜನ ಅವಳನ್ನೇ ಬೈದರು. ಮುದುಕನ ಜೀವ ಹಿಂಡುತ್ತಿದ್ದಾಳೆ, ಕ್ಷಮಿಸಿದೆ ಅನ್ನಲು ಇವಳ ಗಂಟೇನು ಹೋಗುತ್ತದೆ ಎಂದರು. ಹಾಗೆಂದವರ ಬಾಯಿಯನ್ನು ಓತಾ ಮುಚ್ಚಿಸಿದರು.

ಹೋದ ರಂಜಾನ್ ಹಬ್ಬದ ಬೆಳಿಗ್ಗೆ ಬೀದಿಯಲ್ಲಿ ಎಲ್ಲರೂ ಎಲ್ಲರನ್ನೂ ಅಪ್ಪಿ ಕ್ಷಮೆ ಕೇಳುತ್ತಿದ್ದರು. ಓಯ್ದಿನ್ ಮಗಳ ಕೈ ಹಿಡಿದು, ಬಟ್ಟೆ ಮುಚ್ಚಿದ ಪಲಾವಿನ ತಟ್ಟೆ ಹೊತ್ತು ಓತಾ ಅವರ ಬಾಗಿಲಿಗೆ ಬಂದಳು. ಬೀದಿಗೆ ಬೀದಿಯೇ ತಿರುಗಿ ನೋಡಿತು. ಓತಾ ತಟ್ಟೆ ತೆಗೆದುಕೊಂಡು, ಮೊದಲು ಮಗುವಿನ ಕಡೆ ಬಗ್ಗಿ ಹೇಗಿದೀಯ ಪುಟ್ಟಿ ಎಂದು ಕೇಳಿದರು. ಚೆನ್ನಾಗಿದೀನಿ ಎಂದಿತು ಮಗು. ಆಮೇಲೆ ಅವಳ ಮುಖ ನೋಡಿದರು, ಬಾಯಿ ಬಿಟ್ಟು ಏನೂ ಕೇಳಲಿಲ್ಲ.

"ಇನ್ನೂ ಇಲ್ಲ, ಓತಾ," ಎಂದಳು ಅವಳು.

ಓತಾ ಎದೆಯ ಮೇಲೆ ಕೈಯಿಟ್ಟು, "ಸರಿ ಮಗಳೇ," ಎಂದರು.