ಗುರುವಾರದ ಕಾವಲು

ನಾನು ಕಾಕೂ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಮನೆಯೊಡತಿ ಇಂದೂ ಯಾರ ಜೊತೆ ಮಾತಾಡಿದರೂ ಅವರ ಮುಖ ನೋಡುತ್ತಿರಲಿಲ್ಲ. ಅವರ ಹೆಗಲಿನಾಚೆ ನೋಡುತ್ತಿದ್ದರು. ಹಿಂದೆ ಯಾರು ನಿಂತಿದ್ದಾರೆ, ಯಾರು ಬರುತ್ತಿದ್ದಾರೆ, ಬಂದವರು ಎತ್ತ ಹೊರಳಿದರು ಎಂದು ಅವರ ಕಣ್ಣು ಓಡಾಡುತ್ತಲೇ ಇರುತ್ತಿತ್ತು. ಸೊಲ್ಲಾಪುರದ ಬಾಳಿವೇಸಿನಲ್ಲಿ ಅವರ ಮನೆಯ ಮೇಲಿನ ಖೋಲಿ ಬಾಡಿಗೆಗಿದೆಯೆಂದು ಕೇಳಿಕೊಂಡು ಹೋದ ದಿನ, ಈ ಹೆಂಗಸಿಗೆ ನಾನು ಹಿಡಿಸಲಿಲ್ಲ ಎಂದೇ ತಿಳಿದಿದ್ದೆ. ಮಾತೆಲ್ಲ ಮುಗಿದು ಬೀಗದ ಕೈ ನನ್ನ ಕೈಗೆ ಬಂದ ಮೇಲೆ ಧೈರ್ಯ ಮಾಡಿ ಕೇಳಿದೆ.

“ಎದಕ ನನ್ನ ಹಿಂದ ನೋಡ್ತೀರಿ ಕಾಕೂ?”

“ನಿನ್ನ ಹಿಂದ ಏನೈತಿ ಅನ್ನೂದು ನಿನಗ ಕಾಣೂದಿಲ್ಲ ಮಾದೇವಿ. ಅದಕ್ಕ ನಾ ನೋಡ್ತೀನಿ. ನನ್ನ ಹಿಂದಿಂದು ನೀ ನೋಡಬೇಕು,” ಎಂದರು. ಸ್ವಲ್ಪ ತಡೆದು, “ಒಬ್ಬಾಕಿ ಇದ್ರ ಗ್ವಾಡಿಗೆ ಬೆನ್ನು ಹಚ್ಚಿ ನಿಂದ್ರೂದು. ಮತ್ತೇನ್ ಮಾಡಾಕ ಬರತೈತಿ?” ಎಂದೂ ಸೇರಿಸಿದರು.

ನಾನು ಅಕ್ಕಲಕೋಟ ತಾಲ್ಲೂಕಿನ ಕರಜಗಿಯವಳು. ಅಪ್ಪನಿಗೆ ಒಂದಿಷ್ಟು ಹೊಲ, ಒಂದು ಹಿಂಡು ಕುರಿ. ಊರಲ್ಲಿ ಎದುರು ಬಂದವರೆಲ್ಲ ಕಾಕಾ, ಮಾಮಾ, ಅಣ್ಣ ಆಗಿಬಿಡುತ್ತಿದ್ದರು. ಸೊಲ್ಲಾಪುರದ ಒಂದು ದವಾಖಾನೆಯ ಲ್ಯಾಬಿನಲ್ಲಿ ರಕ್ತ ತಪಾಸಣೆಯ ಕೆಲಸ ಸಿಕ್ಕಿ ಬಂದಾಗ, ರಸ್ತೆಯ ತುಂಬ ಜನರಿದ್ದೂ ಯಾರೂ ಯಾರಿಗೂ ಏನೂ ಆಗದ ಆ ಗರ್ದಿ ನನಗೆ ಹೊಸದು.

ಕಾಕೂ ತೆಳ್ಳಗೆ, ಎತ್ತರಕ್ಕೆ ಇದ್ದರು. ನೂಲಿನ ಸೀರೆ, ಸೆರಗನ್ನು ಹೆಗಲಿಗೆ ಭದ್ರವಾಗಿ ಹಿಡಿದ ಪಿನ್ನು, ಸೆರಗಿನ ಒಳಗೆ ಎದೆಗೆ ಅಡ್ಡಲಾಗಿ ಹಾಕಿಕೊಂಡ ಸಣ್ಣ ಪಿಶವಿ ಚೀಲ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಅದು ಚಾದರ್ ವ್ಯಾಪಾರ ಮಾಡುವವರ ದೊಡ್ಡ ಮನೆ. ಮುಂದಿನ ಭಾಗದಲ್ಲಿ ಮೈದುನ ಶಿವಶರಣಪ್ಪನವರ ಸಂಸಾರ, ಹಿಂದಿನ ಭಾಗದಲ್ಲಿ ಕಾಕೂ ಒಬ್ಬರೇ. ನಡುವೆ ಒಂದು ಬಾಗಿಲಿತ್ತು. ಅಗಳಿ ಇದ್ದದ್ದು ಮುಂದಿನ ಮನೆಯ ಕಡೆಗೆ. ಹಬ್ಬದ ದಿನ ಅದು ತೆರೆದು ಹೋಳಿಗೆಯ ತಾಟು ಈಚೆ ಬರುತ್ತಿತ್ತು. ಕಾಕೂ ತಾಟು ತೊಳೆದು, ಬರಿದೇ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ ತಿರುಗಿ ಕೊಡುತ್ತಿದ್ದರು. ಬಾಗಿಲು ಮತ್ತೆ ಮುಚ್ಚುತ್ತಿತ್ತು. ಮುಂದಿನ ಮನೆಯ ನಗು, ಒಗ್ಗರಣೆಯ ವಾಸನೆ, ಟಿವಿಯ ಸಪ್ಪಳ ಎಲ್ಲ ಈಚೆ ಕೇಳುತ್ತಿದ್ದವು. ಈಚೆಯಿಂದ ಆಚೆಗೆ ಹೋಗುವಂಥ ಸಪ್ಪಳವೇ ಇರಲಿಲ್ಲ.

ನಾನು ಆ ಮನೆಗೆ ಬಂದ ಮೇಲೆ ಅವರಿಗೆ ಮಾತಾಡಲು ಒಂದು ವಿಷಯ ಸಿಕ್ಕಿತು: ನನ್ನನ್ನು ಹುಷಾರಾಗಿ ಇಡುವುದು. ಸಂಜೆ ಚಹಾ ಕುಡಿಯುತ್ತ ಪಾಠ ನಡೆಯುತ್ತಿತ್ತು. “ಬಸ್ ಹತ್ತೂ ಮುಂದ ಫೋನ್ ಕಿವಿಗೆ ಇಡಬ್ಯಾಡ. ಎಲ್ಲಾರೂ ನೂಕ್ಯಾಡೂ ಹೊತ್ತು ಅದು, ಆಗs ಕೈ ಹಾಕ್ತಾರ. ಪಿಶವಿ ಮುಂದ ಹಿಡಿ, ಅದರ ಝಿಪ್ಪು ಮೈ ಕಡೆ ಇರ್ಲಿ.” ಮತ್ತೊಂದು ದಿನ, “ಯಾರರೆ ಬಂದು ನಿನ್ನ ಡ್ರೆಸ್ಸಿಗೆ ರಾಡಿ ಹತ್ತೈತಿ ಅಂದ್ರ, ಹತ್ತಿದ್ರ ಹತ್ತಲಿ. ಪಿಶವಿ ಕೆಳಗಿಟ್ಟು ಒರಸಾಕ ನಿಂದ್ರಬ್ಯಾಡ.” ಬಾಡಿಗೆ ಮನೆ ಎಲ್ಲಿ, ಒಬ್ಬಳೇ ಇರುತ್ತೀಯಾ ಎಂದು ಬಸ್ಸಿನಲ್ಲಿ ಯಾರು ಕೇಳಿದರೂ “ಕಾಕೂ ಮನ್ಯಾಗ ಇರ್ತೀನಿ, ಮನಿ ತುಂಬ ಮಂದಿ ಅದಾರ” ಎನ್ನಬೇಕು. “ಸುಳ್ಳಾಗತೈತಲ್ಲರೀ” ಎಂದೆ. “ಗ್ವಾಡಿ ಆಚೆ ಅದಾರಲ್ಲ,” ಎಂದರು.

ನಾನು ಇವನ್ನೆಲ್ಲ ಅರ್ಧ ಕಿವಿಯಿಂದ ಕೇಳುತ್ತಿದ್ದೆ. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಕೆಲಸದಿಂದ ಬರುತ್ತಿದ್ದಾಗ, ರಿಕ್ಷಾ ಸ್ಟ್ಯಾಂಡಿನಿಂದ ಒಬ್ಬ ಹಿಂದೆ ಬರುತ್ತಿದ್ದಾನೆ ಅನ್ನಿಸಿತು. ನಾನು ರಸ್ತೆ ದಾಟಿದೆ, ಅವನೂ ದಾಟಿದ. ನಾನು ಹಣ್ಣಿನ ಗಾಡಿಯ ಮುಂದೆ ನಿಂತೆ, ಅವನು ಫೋನು ನೋಡುತ್ತ ನಿಂತ. ಕಾಲುಗಳು ತಾವಾಗಿಯೇ ಮನೆಯ ಓಣಿಯ ಕಡೆ ಓಡಲು ನೋಡಿದವು. ಆಗ ಕಾಕೂನ ಮಾತು ನೆನಪಾಯಿತು: “ಹಿಂದ ಮನುಷ್ಯಾ ಇದ್ರ ಮನಿ ತೋರಸಬ್ಯಾಡ. ಬೆಳಕಿದ್ದ ಅಂಗಡಿಯೊಳಗ ಹೋಗು.” ಓಣಿಗೆ ಹೊರಳದೆ ಮೂಲೆಯ ಬಳೆ ಅಂಗಡಿಗೆ ಹೋಗಿ, ಒಳಗೆ ಕುಳಿತ ಹೆಂಗಸಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಆಕೆ ಗಂಡನನ್ನು ಕೂಗಿದಳು. ಅವನು ಹೊರಗೆ ಬಂದು ನಿಂತ ಕೂಡಲೇ ಹಿಂದೆ ಬಂದವನು ತಿರುಗಿ ನಡೆದ. ಫೋನು ಮಾಡಿದ ಕೂಡಲೇ ಕಾಕೂ ಬಂದರು. ನನ್ನ ಕೈ ಹಿಡಿದುಕೊಂಡು ಮನೆಯವರೆಗೆ ನಡೆದರು. ಅವರ ಅಂಗೈ ತಣ್ಣಗಿತ್ತು.

ನನ್ನ ವಾರದ ರಜೆ ಗುರುವಾರ. ಬೆಳಿಗ್ಗೆ ಅಕ್ಕಲಕೋಟಕ್ಕೆ ಹೋಗಿ ಅಲ್ಲಿಂದ ಕರಜಗಿ ಬಸ್ಸು ಹಿಡಿಯುತ್ತಿದ್ದೆ. ಕಾಕೂ ಅಕ್ಕಲಕೋಟದವರೆಗೆ ಜೊತೆಗೆ ಬರುತ್ತಿದ್ದರು. ಗುರುವಾರ ಅಲ್ಲಿನ ಗುಡಿಯಲ್ಲಿ ಸ್ವಾಮಿಗಳ ದರ್ಶನಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಇವರೂ ಭಕ್ತರು ಎಂದುಕೊಂಡಿದ್ದೆ. ಸಂಜೆ ಸ್ಟ್ಯಾಂಡಿನಲ್ಲಿ ಮತ್ತೆ ಸೇರಿದಾಗ “ದರ್ಶನ ಆತೇನ್ರೀ?” ಎಂದರೆ “ಆತು” ಎನ್ನುತ್ತಿದ್ದರು. ಅವರ ಹಣೆಯ ಮೇಲೆ ಗಂಧವಾಗಲಿ, ಕೈಯಲ್ಲಿ ಪ್ರಸಾದವಾಗಲಿ ಕಂಡ ನೆನಪಿಲ್ಲ.

ಒಂದು ಗುರುವಾರ ಕರಜಗಿಯ ಬಸ್ಸು ರದ್ದಾಯಿತು. ನಾನೂ ದರ್ಶನ ಮಾಡೋಣವೆಂದು ಗುಡಿಯ ದಾರಿ ಹಿಡಿದೆ. ಅರ್ಧ ದಾರಿಯಲ್ಲಿ, ಒಂದು ಚಹಾದ ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ಕಾಕೂ ಕುಳಿತಿದ್ದರು. ಹೋಗುವ ಬರುವ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ನನ್ನನ್ನು ಕಂಡು ಗಲಿಬಿಲಿಗೊಂಡರು. ನಾನು ಪಕ್ಕದಲ್ಲಿ ಕುಳಿತೆ.

ತುಸು ಹೊತ್ತಿಗೆ ಅವರು ನನ್ನ ಮೊಣಕೈ ಹಿಡಿದರು. ಎದುರಿನ ಬದಿಯಲ್ಲಿ ಒಬ್ಬ ಅಜ್ಜಿ, ಹಳ್ಳಿಯಾಕೆ, ಕೊರಳಲ್ಲಿ ಬೋರಮಾಳ ಸರ, ಕೈಯಲ್ಲಿ ಬಂಗಾರದ ಪಾಟಲಿ ಬಳೆ. ಇಸ್ತ್ರಿ ಅಂಗಿಯ ಒಬ್ಬನು ಆಕೆಯ ಮುಂದೆ ನಿಂತಿದ್ದ. ಇನ್ನೊಬ್ಬ ಮೋಟರ್ ಸೈಕಲ್ ಚಾಲೂ ಇಟ್ಟುಕೊಂಡು ಪಕ್ಕದಲ್ಲಿದ್ದ. “ಆಜೀ, ಆಮ್ಹೀ ಪೊಲೀಸ್. ಪುಢೆ ಚೋರಿ ಝಾಲಿಯೆ. ದಾಗಿನೆ ಕಾಢೂನ ಪಿಶವೀತ ಠೇವಾ,” ಎಂದು ಮರಾಠಿಯಲ್ಲಿ ಹೇಳುತ್ತಿದ್ದ. ಮುಂದೆ ಕಳವಾಗಿದೆ, ಒಡವೆ ಬಿಚ್ಚಿ ಚೀಲದಲ್ಲಿ ಇಟ್ಟುಕೋ ಎಂದು. ಕೈಯಲ್ಲಿ ಒಂದು ರುಮಾಲು ಹರಡಿ ಹಿಡಿದಿದ್ದ. ಅಜ್ಜಿ ಆಗಲೇ ಒಂದು ಪಾಟಲಿ ಬಿಚ್ಚಿದ್ದಳು.

ಕಾಕೂ ಎದ್ದರು. ಅವರು ಅಷ್ಟು ಬೇಗ ನಡೆದದ್ದನ್ನು ನಾನು ಕಂಡಿರಲಿಲ್ಲ. ಸೀದಾ ಹೋಗಿ ಅಜ್ಜಿಯ ತೋಳು ಹಿಡಿದು, ತಮ್ಮದೇ ಮನೆಯಾಕೆ ಎಂಬಂತೆ ಮಾತಾಡಿಸಿದರು. “ಎಲ್ಲಿ ಹೋಗಿದ್ದಿ ಅಕ್ಕಾ? ಆಗಿಂದ ಹುಡುಕಾಕತ್ತೀವಿ. ನಡಿ, ಎಲ್ಲಾರೂ ಚಹಾದಂಗಡ್ಯಾಗ ಅದಾರ.” ಆಮೇಲೆ ಆ ಮನುಷ್ಯನ ಕಡೆ ಹೊರಳಿ, ಅಂಗಡಿಯವರಿಗೆಲ್ಲ ಕೇಳುವ ಹಾಗೆ ಕೇಳಿದರು: “ಪೊಲೀಸರೇನ್ರೀ? ಛಲೋ ಆತು. ಹಂಗಾರ ಠಾಣೇಕ್ಕs ಹೋಗೂಣು ನಡೀರಿ, ಅಲ್ಲೇ ಬಿಚ್ಚಿ ಇಡ್ತಾಳ.” ಚಹಾದವನು ಸೌಟು ಹಿಡಿದುಕೊಂಡೇ ಹೊರಗೆ ಬಂದ. ನಾಲ್ಕು ಜನ ಎದ್ದು ನಿಂತರು. ಇಸ್ತ್ರಿ ಅಂಗಿಯವನು ಏನೋ ಗೊಣಗಿ ಹಿಂದಿನ ಸೀಟು ಹತ್ತಿದ. ಇಬ್ಬರೂ ಹೋಗಿಬಿಟ್ಟರು.

ಅಜ್ಜಿ ಪಾಟಲಿಯನ್ನು ಎದೆಗೆ ಒತ್ತಿಕೊಂಡು ಕಾಕೂನ ಕೈ ಝಾಡಿಸಿದಳು. “ನೀ ಯಾರಬೇ ನನ್ನ ಕೈ ಹಿಡಿಯಾಕಿ? ನಾ ಎಲ್ಲಿ ನಿನ್ನ ಅಕ್ಕ? ನನ್ನ ಬಂಗಾರದ ಮ್ಯಾಲ ಕಣ್ಣು ಹಾಕಿ ಬಂದೀಯೇನು? ದೂರ ಸರಿ.”

ನನಗೆ ಸಿಟ್ಟು ಬಂತು. ಹೇಳಲು ಬಾಯಿ ತೆರೆದೆ. ಕಾಕೂ ನನ್ನನ್ನು ತಡೆದರು. “ಖರೇ ಐತಿ ಅಕ್ಕಾ, ನನ್ನೂ ನಂಬಬ್ಯಾಡ. ಅಂಗಡ್ಯಾಗ ಕೂಡು, ನಿಮ್ಮವರು ಬರೂ ತನಕ ಹೊರಗ ಬರಬ್ಯಾಡ,” ಎಂದು ಹೇಳಿ ದೂರ ಸರಿದು ನಿಂತರು. ಅಜ್ಜಿಯ ಮಗ ಬಂದು ಕರೆದುಕೊಂಡು ಹೋಗುವವರೆಗೂ ಅಲ್ಲಿಂದ ಕದಲಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಕೇಳಿದೆ. “ದರ್ಶನಕ್ಕ ಬರೂದಿಲ್ಲ ಹೌದಲ್ಲರಿ ನೀವು?”

ಅವರು ಕಿಟಕಿಯ ಹೊರಗೆ ನೋಡುತ್ತ ಹೇಳಿದರು. ಮೈದುನನ ಮಗಳು ಸವಿತಾಳ ಮದುವೆ ಗೊತ್ತಾದಾಗ, ಅತ್ತೆಯ ಕಾಲದ ಬಂಗಾರ ಮುರಿಸಿ ಹೊಸದು ಮಾಡಿಸಲು ಅಕ್ಕಲಕೋಟದ ಅಕ್ಕಸಾಲಿಗನಿಗೆ ಕೊಟ್ಟಿದ್ದರಂತೆ. ಮನೆಯವರೆಲ್ಲ ಮದುವೆ ಕೆಲಸದಲ್ಲಿ ಇದ್ದದ್ದರಿಂದ ತರಲು ಕಾಕೂ ಒಬ್ಬರೇ ಹೋದರು. ಆ ಕಟ್ಟೆಯ ಹತ್ತಿರವೇ ಇಬ್ಬರು ತಡೆದರು. ಇದೇ ಮಾತು, ಇದೇ ರುಮಾಲು. “ನಾ ನಂಬಿರಲಿಲ್ಲ ಮಾದೇವಿ. ಆದ್ರ ಆ ಹೊತ್ತಿಗೆ ಒಬ್ಬ ಹಾದಿ ಹಿಡಿದು ಬಂದ, ಅವನ್ನೂ ತಡದ್ರು. ಅವ ಏನೂ ಅನ್ನದ ಕೊಳ್ಳಾಗಿನ ಚೈನ್ ಬಿಚ್ಚಿ ರುಮಾಲಿನ್ಯಾಗ ಕಟ್ಟಿಸಿಕೊಂಡು ಹ್ವಾದ. ಅವ ಕೊಟ್ಟಾನ, ನಾ ಯಾಕ ಹಟಾ ಮಾಡ್ಲಿ ಅಂತ ಬಂಗಾರದ ಡಬ್ಬಿ ಕೊಟ್ಟೆ. ಅವನೂ ಅವರವನs ಅಂತ ನನಗೇನ್ ಗೊತ್ತು? ನನ್ನ ಕಣ್ಣ ಮುಂದs ಗಂಟು ಕಟ್ಟಿ ಕೊಟ್ರು. ಬಸ್ಸು ವಳಸಂಗ ದಾಟಿದ ಮ್ಯಾಲೆ ಬಿಚ್ಚಿ ನೋಡಿದ್ರ ಬರೇ ಹಳ್ಳು, ಸಣ್ಣ ಕಲ್ಲು.”

ಪೊಲೀಸರಿಗೆ ತಕ್ರಾರು ಕೊಟ್ಟರು. ಏನೂ ಸಿಗಲಿಲ್ಲ. ಬೇರೆ ಬಂಗಾರ ತಂದು ಮದುವೆ ಮಾಡಿದರು. ಯಾರೂ ಕಾಕೂಗೆ ಒಂದು ಬಿರುಸು ಮಾತು ಆಡಲಿಲ್ಲ. ಆದರೆ ಅದೇ ವರ್ಷ ತವರೂರು ಹನ್ನೂರಿನಲ್ಲಿ ಕಾಕೂನ ತಮ್ಮ ಮನೆ ಕಟ್ಟಿಸಿದ. ಮದುವೆಗೆ ಬಂದ ಬೀಗರಲ್ಲಿ ಯಾರೋ ಬಂಗಾರ ಹೋದದ್ದನ್ನೂ ಆ ಮನೆ ಎದ್ದದ್ದನ್ನೂ ಜೋಡಿಸಿದರು. ಶಾಲೆ ಕಲಿತ ಹೆಂಗಸು ಹಾಡಹಗಲಲ್ಲಿ ಕೈಯಾರೆ ಬಂಗಾರ ಕೊಡುತ್ತಾಳೆಯೇ ಎಂದರು. ಆ ಮಾತು ಕಾಕೂನ ಕಿವಿಗೂ ಬಿತ್ತು. ನಡುವಿನ ಬಾಗಿಲಿಗೆ ಅಗಳಿ ಬಿದ್ದದ್ದು ಆಮೇಲೆ.

“ಹನ್ನೂರಿಗೆ ಹೋಗೂದೂ ಬಿಟ್ಟೆ. ಹ್ವಾದ್ರ, ಪಾಲು ನೋಡಾಕ ಹೋಗ್ಯಾಳ ಅಂತಾರ,” ಎಂದರು ಕಾಕೂ.

“ಇವತ್ತಿನವರು ಅವರೇನರಿ?”

“ಅಲ್ಲ. ನನ್ನ ಮುಂದ ರುಮಾಲು ಹಿಡದಾವ ಎತ್ತರಿದ್ದ, ಗದ್ದಕ್ಕ ಗಾಯದ ಗುರ್ತಿತ್ತು. ಸಿಕ್ರ, ಕೊಳ್ಳಪಟ್ಟಿ ಹಿಡದು ಶಿವಶರಣಪ್ಪನ ಮುಂದ ನಿಂದ್ರಸತೀನಿ. ಬಂಗಾರ ಬ್ಯಾಡ. ಹೌದು, ನಾನs ಒಯ್ದೆ ಅಂತ ಅವ ಒಂದು ಮಾತು ಹೇಳಿದ್ರ ಸಾಕು.”

ಅಲ್ಲಿಂದ ಮುಂದೆ ಅವರ ಗುರುವಾರಗಳು ನನಗೂ ಭಾರವಾದವು. ಊರಿನಿಂದ ತಿರುಗಿ ಬಂದು ಸ್ಟ್ಯಾಂಡಿನಲ್ಲಿ ಅವರನ್ನು ಕಂಡಾಗ ದರ್ಶನದ ಮಾತು ತೆಗೆಯುತ್ತಿರಲಿಲ್ಲ. ಸಿಗಲಿಲ್ಲ ಎಂಬಂತೆ ಅವರೇ ತಲೆ ಅಲ್ಲಾಡಿಸುತ್ತಿದ್ದರು. ಒಮ್ಮೆ ನಾನು ಮುಂದಿನ ಮನೆಗೆ ಹೋಗಿ, ಅಕ್ಕಲಕೋಟದಲ್ಲಿ ಕಣ್ಣಾರೆ ಕಂಡದ್ದನ್ನು ಶಿವಶರಣಪ್ಪನವರಿಗೆ ಹೇಳಿದೆ. ಅವರು ಗೌರವದಿಂದ ಕೂಡಿಸಿ, ಚಹಾ ತರಿಸಿ, “ಹೌದೇನ್ರೀ, ಕಾಲ ಕೆಟ್ಟೈತಿ,” ಎಂದರು. ಮಾತು ಅಲ್ಲಿಗೇ ನಿಂತಿತು.

ನನ್ನ ಮದುವೆಯಾಗಿ ವಿಜಯಪುರಕ್ಕೆ ಹೊರಟಾಗ ಕಾಕೂ ಬಸ್ ಸ್ಟ್ಯಾಂಡಿಗೆ ಬಂದರು. ನನ್ನ ಸಾಮಾನುಗಳನ್ನು ಕಂಡಕ್ಟರನ ಸೀಟಿನ ಹತ್ತಿರ ಇಡಿಸಿದರು. ನನ್ನ ಗಂಡನಿಗೆ “ನಿದ್ದಿ ಮಾಡಬ್ಯಾಡ್ರಿ, ಇಳಿಯೂ ತನಕ ಸಾಮಾನಿನ ಕಡೆ ಲಕ್ಷ್ಯ ಇರ್ಲಿ” ಎಂದರು. ಅವನು ನೀರಿನ ಬಾಟಲಿ ತರಲು ಇಳಿದಾಗ ಕಿಟಕಿಯ ಹತ್ತಿರ ಬಂದು, ಸಣ್ಣ ದನಿಯಲ್ಲಿ ಕೇಳಿದರು.

“ಮಾದೇವಿ, ಇಷ್ಟು ದಿನ ನನ್ನ ಕೂಡ ಇದ್ದಿ. ಒಮ್ಮೆನೂ ಅನಿಸಲಿಲ್ಲೇನು ನಿನಗ, ಈಕಿನs ಆ ಬಂಗಾರ ಇಟಗೊಂಡಿರಬೇಕು ಅಂತ?”

“ಇಲ್ಲರಿ ಕಾಕೂ.”

“ಖರೇ ಹೇಳು.”

“ಖರೇನರಿ. ಒಮ್ಮೆನೂ ಅನಿಸಿಲ್ಲ.”

ಅವರು ಕಿಟಕಿಯ ಸರಳು ಹಿಡಿದುಕೊಂಡರು. “ಅನಿಸಬೇಕಿತ್ತು,” ಎಂದರು. “ಯಾರನ್ನೂ ಹಂಗ ಪೂರಾ ನಂಬಬಾರದು ಅಂತ ಎಷ್ಟು ಸಲ ಹೇಳೀನಿ ನಿನಗ.” ಹೇಳುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಬಸ್ಸು ಹೊರಟಿತು.

ಕಾಕೂ ತೀರಿಕೊಂಡ ಸುದ್ದಿಯನ್ನು ಸವಿತಾ ಫೋನು ಮಾಡಿ ತಿಳಿಸಿದಳು. ಹಗಲು ಹೊತ್ತಿನಲ್ಲಿ, ಚಹಾಕ್ಕೆ ನೀರಿಡುವಾಗ ಕುಸಿದರಂತೆ. ಹಾಲು ಹಾಕುವವನು ಮರುದಿನ ಕೂಗಿ ಕೂಗಿ ಸಾಕಾಗಿ ಮುಂದಿನ ಮನೆಗೆ ಹೇಳಿದ ಮೇಲೆ ಗೊತ್ತಾಯಿತಂತೆ. ನಾನು ಸೊಲ್ಲಾಪುರ ಮುಟ್ಟುವಷ್ಟರಲ್ಲಿ ಮಣ್ಣು ಆಗಿತ್ತು.

ನಡುವಿನ ಬಾಗಿಲು ತೆರೆದಿತ್ತು. ಕಾಕೂನ ಖೋಲಿಯ ಕಪಾಟು ಬಾಯಿ ತೆರೆದುಕೊಂಡಿತ್ತು. ಹಾಸಿಗೆ, ಸೀರೆಗಳು, ಕಾಳಿನ ಡಬ್ಬಿಗಳು ಎಲ್ಲ ನೆಲದ ಮೇಲಿದ್ದವು. ದೇವರ ಜಗುಲಿಯ ಹಲಗೆಯನ್ನು ಕೂಡ ಎತ್ತಿ ಗೋಡೆಗೆ ಆನಿಸಿದ್ದರು. ಸವಿತಾ ಒಂದು ಮೂಲೆಯಲ್ಲಿ ಕುಳಿತು ಅಳುತ್ತಿದ್ದಳು.

“ಏನೂ ಸಿಗಲಿಲ್ಲರಿ,” ಎಂದಳು ನನ್ನ ಕಡೆ ನೋಡದೆ. “ಎಲ್ಲಾ ಕಡೆ ನೋಡಿದ್ವಿ.”

ಶಿವಶರಣಪ್ಪನವರು ಹೊಸ್ತಿಲ ಮೇಲೆ ಕುಳಿತಿದ್ದರು. ನಾನು ಹೊರಡಲು ಎದ್ದಾಗ ತಲೆ ಎತ್ತಿದರು.

“ನಮ್ಮ ವೈನಿ ನಿಮ್ಮ ಮುಂದ ಏನರೆ ಹೇಳಿದ್ರೇನ್ರಿ? ಆ ಬಂಗಾರದ್ದು?”

“ಹೇಳಿದ್ರು. ಪೊಲೀಸರಂತ ಬಂದವರು ಒಯ್ದ್ರು ಅಂತ ಹೇಳಿದ್ರು.”

ಅವರು ಬಾಯಿ ತೆರೆದ ಕಪಾಟಿನ ಕಡೆ ನೋಡಿದರು.

“ನಮಗೂ ಹಂಗs ಹೇಳಿದ್ರು,” ಎಂದರು.